ಚಾಕಣದ ವಿದೇಶೀಯ ನಿವಾಸಿಗಳು: ವೀಸಾ, ತೆರಿಗೆ ಮತ್ತು ಪ್ರವೇಶ ಶುಲ್ಕ

ಪುಣೆ ಜಿಲ್ಲೆಯ ಖೇಡ ತಾಲ್ಲೂಕಿನಲ್ಲಿ, ಪುಣೆ–ನಾಸಿಕ ಹೆದ್ದಾರಿಯ ಮೇಲಿರುವ ಚಾಕಣ ಒಂದು ಹಳೆಯ ಪೇಟೆ. ಸುತ್ತಲಿನ ಹಳ್ಳಿಗಳಿಂದ ಈರುಳ್ಳಿ ಬಂದು ಸೇರುವ ಮಾರುಕಟ್ಟೆಯಿಂದಲೂ, ಸಂಗ್ರಾಮದುರ್ಗವೆಂಬ ನೆಲಗೋಟೆಯಿಂದಲೂ ಹೆಸರಾಗಿದ್ದ ಈ ಊರಿನ ಸ್ವರೂಪ ಕಳೆದ ಕೆಲವು ದಶಕಗಳಲ್ಲಿ ಪೂರ್ಣವಾಗಿ ಬದಲಾಗಿದೆ. 1999ರಲ್ಲಿ ಬಜಾಜ್ ಆಟೋ ಕಾರ್ಖಾನೆ ಇಲ್ಲಿ ಆರಂಭವಾಯಿತು. 2009ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಮತ್ತು ಮರ್ಸಿಡಿಸ್ ಬೆಂಜ್ ಸಂಸ್ಥೆಗಳ ಕಾರ್ಖಾನೆಗಳು ತಲೆಯೆತ್ತಿದವು. ಅವುಗಳಿಗೆ ಬಿಡಿಭಾಗಗಳನ್ನು ಒದಗಿಸುವ ದೇಶೀಯ, ವಿದೇಶೀಯ ಘಟಕಗಳು ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ನಿವೇಶನಗಳಲ್ಲಿ ಒಂದರ ಹಿಂದೊಂದರಂತೆ ನೆಲೆಗೊಂಡವು. ಯಂತ್ರಗಳೊಡನೆ ಅವುಗಳನ್ನು ಬಲ್ಲವರೂ ಬಂದರು. ಜರ್ಮನ್, ಜಪಾನೀ, ಕೊರಿಯನ್ ತಂತ್ರಜ್ಞರು ಎರಡು ವರ್ಷ, ಮೂರು ವರ್ಷ, ಕೆಲವೊಮ್ಮೆ ಐದು ವರ್ಷಗಳ ಕಾಲ ಕುಟುಂಬಸಮೇತರಾಗಿ ಪುಣೆ ಮತ್ತು ಪಿಂಪ್ರಿ-ಚಿಂಚವಡ ಪ್ರದೇಶಗಳಲ್ಲಿ ವಾಸಿಸುವುದು ಈಗ ಸಾಮಾನ್ಯ ಸಂಗತಿಯಾಗಿದೆ.

ಇದೇ ಪ್ರದೇಶದಲ್ಲಿ ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಗಳಿಂದ ಬಂದು ನೆಲೆಸಿದ ಕನ್ನಡಿಗರೂ ಬಹುಸಂಖ್ಯೆಯಲ್ಲಿದ್ದಾರೆ. ಅವರಲ್ಲಿ ಕಾರ್ಖಾನೆಯಲ್ಲಿ ವಿದೇಶೀಯ ಅಧಿಕಾರಿಯ ಸಹೋದ್ಯೋಗಿಗಳಾಗಿರುವವರು ಉಂಟು. ಸಂಬಳದ ಪಟ್ಟಿ ಸಿದ್ಧಪಡಿಸುವ ಲೆಕ್ಕಿಗರು ಉಂಟು. ತಮ್ಮ ಮನೆಯನ್ನು ವಿದೇಶೀಯರಿಗೆ ಬಾಡಿಗೆಗೆ ಕೊಟ್ಟವರೂ ಉಂಟು. ವಿದೇಶೀಯರಿಗೆ ಸಂಬಂಧಿಸಿದ ನಿಯಮಗಳು ವಿದೇಶೀಯರನ್ನು ಮಾತ್ರ ಕಟ್ಟುತ್ತವೆ ಎಂಬ ಗ್ರಹಿಕೆ ಇಂತಹವರಲ್ಲಿ ವ್ಯಾಪಕವಾಗಿದೆ. ಅದು ಸರಿಯಲ್ಲ. ಮನೆಯ ಯಜಮಾನನನ್ನೂ ಉದ್ಯೋಗದಾತನನ್ನೂ ಕಾನೂನು ಹೊಣೆಗಾರರನ್ನಾಗಿ ಮಾಡುತ್ತದೆ. ಚಾಕಣಕ್ಕೆ ಅನ್ವಯಿಸುವ ಈ ನಿಯಮಗಳೇ ಬಿಡದಿ, ನರಸಾಪುರ, ಬೆಂಗಳೂರುಗಳಿಗೂ ಅನ್ವಯಿಸುತ್ತವೆ.

ಚಾಕಣಕ್ಕೆ ಪರದೇಶದವರು ಹೊಸಬರೇನಲ್ಲ. 15ನೆಯ ಶತಮಾನದ ನಡುಭಾಗದಲ್ಲಿ, ಬೀದರಿನಿಂದ ಆಳುತ್ತಿದ್ದ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದನ ಕಾಲದಲ್ಲಿ, ಕೊಂಕಣದ ದಂಡಯಾತ್ರೆಯಲ್ಲಿ ಸೋತು ಅಳಿದುಳಿದ ಅರಬ್ಬೀ, ಪಾರಸಿ ಮೂಲದ ಸೈನಿಕರು ಈ ಊರಿನ ಕೋಟೆಯಲ್ಲಿ ಆಶ್ರಯ ಪಡೆದರು. ‘ಆಫಾಕಿ’ಗಳೆಂದು ಕರೆಯಲಾಗುತ್ತಿದ್ದ ಈ ಪರದೇಶೀಯರಿಗೂ ದಖ್ಖನಿ ಸರದಾರರಿಗೂ ಆಸ್ಥಾನದಲ್ಲಿ ಬದ್ಧವೈರವಿತ್ತು. ಆಶ್ರಿತರು ದಂಗೆಯೆದ್ದಿದ್ದಾರೆಂದು ಬೀದರಿಗೆ ಸುಳ್ಳು ವರದಿ ಹೋಯಿತು. ಮುತ್ತಿಗೆಯ ಕೊನೆಯಲ್ಲಿ ಅವರಿಗೆ ರಾಜನ ಹೆಸರಿನಲ್ಲಿ ಅಭಯ ನೀಡಿ, ಹೊರಗೆ ಬಂದ ಮೇಲೆ ಕೊಲ್ಲಲಾಯಿತು. ತಪ್ಪಿಸಿಕೊಂಡು ಬೀದರನ್ನು ಮುಟ್ಟಿದ ಕೆಲವರಿಂದ ನಿಜ ತಿಳಿದ ಸುಲ್ತಾನ ತಪ್ಪಿತಸ್ಥರನ್ನು ದಂಡಿಸಿದನಾದರೂ ಹೋದ ಜೀವಗಳು ಹೋಗಿದ್ದವು. ಈ ವೃತ್ತಾಂತವನ್ನು ವಿವರವಾಗಿ ಬರೆದಿಟ್ಟ ಇತಿಹಾಸಕಾರ ಫೆರಿಸ್ತಾ ಸ್ವತಃ ಇರಾನಿನಿಂದ ಬಂದು, ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿದ್ದವನು. ದೀರ್ಘಕಾಲ ನೆಲೆಸಿದ ಪರದೇಶೀಯನ ಸ್ಥಾನಮಾನ ಆಳುವವನ ಮರ್ಜಿ ಮತ್ತು ಮಧ್ಯವರ್ತಿಗಳ ಮಾತುಗಳನ್ನು ಅವಲಂಬಿಸಿದ್ದ ಕಾಲ ಅದು. ಇಂದು ಆ ಸ್ಥಾನಮಾನವನ್ನು ಲಿಖಿತ ನಿಯಮಗಳು ನಿರ್ಧರಿಸುತ್ತವೆ. ಆದರೆ ನಿಯಮಗಳು ಒಂದೇ ಕಡೆ ಇಲ್ಲ. ವಾಸದ ಅನುಮತಿಗೆ ಒಂದು ಕಾಯಿದೆ, ತೆರಿಗೆಗೆ ಇನ್ನೊಂದು, ಸ್ಮಾರಕ ವೀಕ್ಷಣೆಯ ಶುಲ್ಕಕ್ಕೆ ಮತ್ತೊಂದು. ಒಬ್ಬನೇ ವ್ಯಕ್ತಿಯನ್ನು ಇವು ಮೂರು ಬಗೆಯಾಗಿ ನೋಡುತ್ತವೆ. ಒಂದರಲ್ಲಿ ‘ನಿವಾಸಿ’ಯಾದವನು ಇನ್ನೊಂದರಲ್ಲಿ ‘ವಿದೇಶೀಯ’ನಾಗಿಯೇ ಉಳಿಯುತ್ತಾನೆ. ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ವ್ಯತ್ಯಾಸವನ್ನು ಅರಿಯದೆ ಆಗುವಂಥವು.

ವೀಸಾ ಮತ್ತು ನೋಂದಣಿ

ವಿದೇಶೀಯರ ಪ್ರವೇಶ ಮತ್ತು ವಾಸವನ್ನು ಬಹುಕಾಲ ನಿಯಂತ್ರಿಸಿದ್ದು ಬ್ರಿಟಿಷರ ಕಾಲದ ಕಾಯಿದೆಗಳು. 1920ರ ಪಾಸ್‌ಪೋರ್ಟ್ (ಭಾರತ ಪ್ರವೇಶ) ಕಾಯಿದೆ, 1939ರ ವಿದೇಶೀಯರ ನೋಂದಣಿ ಕಾಯಿದೆ, 1946ರ ವಿದೇಶೀಯರ ಕಾಯಿದೆ ಇವುಗಳ ಜೊತೆಗೆ ವಿಮಾನ, ಹಡಗು ಸಂಸ್ಥೆಗಳ ಹೊಣೆಗಾರಿಕೆಯನ್ನು ಕುರಿತ 2000ದ ಕಾಯಿದೆಯೊಂದು ಸೇರಿತ್ತು. ಈ ನಾಲ್ಕನ್ನೂ ರದ್ದುಗೊಳಿಸಿದ 2025ರ ವಲಸೆ ಮತ್ತು ವಿದೇಶೀಯರ ಕಾಯಿದೆ ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು. ಹಳೆಯ ಕಾಯಿದೆಗಳ ಹೆಸರುಗಳು ಇಂದಿಗೂ ಬಾಡಿಗೆ ಕರಾರುಗಳಲ್ಲಿ, ಕಚೇರಿಯ ಅಚ್ಚಾದ ನಮೂನೆಗಳಲ್ಲಿ ಉಳಿದುಕೊಂಡಿರುವುದರಿಂದ ಈ ಬದಲಾವಣೆಯನ್ನು ನೆನಪಿಡುವುದು ಅಗತ್ಯ.

ಕೆಲಸಕ್ಕಾಗಿ ಬರುವ ವಿದೇಶೀಯನಿಗೆ ಬೇಕಾದುದು ಉದ್ಯೋಗ ವೀಸಾ. ಅದನ್ನು ಆತ ತನ್ನ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯಿಂದಲೇ ಪಡೆದು ಬರಬೇಕು. ಭಾರತೀಯರು ಸಾಕಷ್ಟು ಸಂಖ್ಯೆಯಲ್ಲಿ ದೊರೆಯುವ ಉದ್ಯೋಗಗಳಿಗೆ, ದಿನನಿತ್ಯದ ಸಾಮಾನ್ಯ ಕೆಲಸಗಳಿಗೆ ಅಥವಾ ಗುಮಾಸ್ತೆಯ ಹುದ್ದೆಗಳಿಗೆ ಈ ವೀಸಾ ಕೊಡುವುದಿಲ್ಲ. ಈ ಉದ್ದೇಶದಿಂದಲೇ ವಾರ್ಷಿಕ ಸಂಬಳಕ್ಕೆ ಒಂದು ಕನಿಷ್ಠ ಮಿತಿಯನ್ನು ನಿಗದಿಪಡಿಸಲಾಯಿತು. ಮೊದಲು 25,000 ಅಮೆರಿಕನ್ ಡಾಲರ್ ಎಂದಿದ್ದ ಈ ಮಿತಿಯನ್ನು ಅನಂತರ ರೂ. 16.25 ಲಕ್ಷವೆಂದು ರೂಪಾಯಿಗಳಲ್ಲಿ ಗೊತ್ತುಮಾಡಲಾಯಿತು. ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರು, ಇಂಗ್ಲಿಷ್ ಹೊರತಾದ ಭಾಷೆಗಳ ಶಿಕ್ಷಕರು ಮತ್ತು ಭಾಷಾಂತರಕಾರರಿಗೆ ಇದರಿಂದ ವಿನಾಯಿತಿ ಇದೆ. ಆದ್ದರಿಂದ ಚಾಕಣದ ಹೋಟೆಲೊಂದರಲ್ಲಿ ಕೊರಿಯನ್ ಅಡುಗೆಯವನನ್ನು ಇಟ್ಟುಕೊಳ್ಳಲು ಈ ಸಂಬಳದ ಮಿತಿ ಅಡ್ಡಬಾರದು. ಅದೇ ಹೋಟೆಲಿನ ವ್ಯವಸ್ಥಾಪಕನನ್ನು ಹೊರದೇಶದಿಂದ ತರಬೇಕೆಂದರೆ ಅಡ್ಡಬರುತ್ತದೆ.

ಉದ್ಯೋಗ ವೀಸಾ ಮತ್ತು ವ್ಯವಹಾರ ವೀಸಾಗಳ ನಡುವಣ ಗೆರೆ ಹಲವರನ್ನು ತೊಂದರೆಗೆ ಸಿಲುಕಿಸಿದೆ. ವ್ಯವಹಾರ ವೀಸಾ ಮಾತುಕತೆ, ಖರೀದಿ, ಸಭೆಗಳಂತಹ ಕಾರ್ಯಗಳಿಗೆ ಮೀಸಲಾದುದು. ಅದರ ಮೇಲೆ ಬಂದು ಕಾರ್ಖಾನೆ, ವಿದ್ಯುತ್ ಸ್ಥಾವರಗಳ ನಿರ್ಮಾಣದಲ್ಲಿ ನೇರವಾಗಿ ದುಡಿಯುತ್ತಿದ್ದವರು 2009ರ ಅಕ್ಟೋಬರ್ ಅಂತ್ಯದೊಳಗೆ ಹಿಂದಿರುಗಬೇಕೆಂದು ಸರ್ಕಾರ ಆದೇಶಿಸಿತು. ಸಾವಿರಾರು ಜನ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೊರಟರು. ತರುವಾಯ ಯಂತ್ರವನ್ನು ಮಾರಿದ ವಿದೇಶೀ ಸಂಸ್ಥೆ ಅದನ್ನು ಜೋಡಿಸಿ ಕೊಡಲು ಕಳುಹಿಸುವ ತಂತ್ರಜ್ಞನಿಗೂ ಉದ್ಯೋಗ ವೀಸಾ ಬೇಕೆಂಬುದೇ ನಿಯಮವಾಗಿತ್ತು. 2025ರಲ್ಲಿ ಈ ನಿಲುವನ್ನು ಸಡಿಲಿಸಿ, ಯಂತ್ರಸ್ಥಾಪನೆ, ತರಬೇತಿ ಮುಂತಾದ ಕೆಲಸಗಳಿಗೆ ಬರುವವರಿಗಾಗಿ ವ್ಯವಹಾರ ವೀಸಾದಲ್ಲಿಯೇ ಒಂದು ಪ್ರತ್ಯೇಕ ವರ್ಗವನ್ನು ರೂಪಿಸಲಾಯಿತು. ಯಾವ ಕೆಲಸ ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ವಿಮಾನದ ಚೀಟಿ ಕೊಳ್ಳುವ ಮೊದಲೇ ನೋಡಿಕೊಳ್ಳುವುದು ಉದ್ಯೋಗದಾತನ ಕೆಲಸ. ಇಳಿದ ಮೇಲೆ ವೀಸಾದ ವರ್ಗವನ್ನು ಬದಲಿಸಿಕೊಳ್ಳಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲ.

ಉದ್ಯೋಗ ವೀಸಾ ವ್ಯಕ್ತಿಯನ್ನು ಒಂದು ಸಂಸ್ಥೆಗೆ ಕಟ್ಟಿಹಾಕುತ್ತದೆ. ಚಾಕಣದ ಒಂದು ಕಾರ್ಖಾನೆಗಾಗಿ ವೀಸಾ ಪಡೆದವನು ಹೆಚ್ಚು ಸಂಬಳದ ಆಸೆಯಿಂದ ರಸ್ತೆಯ ಆಚೆಬದಿಯ ಕಾರ್ಖಾನೆಗೆ ಸೇರುವಂತಿಲ್ಲ. ಒಂದೇ ಕೂಟಕ್ಕೆ ಸೇರಿದ ಮಾತೃಸಂಸ್ಥೆ ಮತ್ತು ಅಂಗಸಂಸ್ಥೆಗಳ ನಡುವೆ, ಅದೂ ಪೂರ್ವಾನುಮತಿ ಪಡೆದು, ಬದಲಾಯಿಸಲು ಅವಕಾಶವಿದೆ. ಉಳಿದವರು ದೇಶ ಬಿಟ್ಟು ಹೋಗಿ ಹೊಸ ವೀಸಾದೊಡನೆ ಮರಳಬೇಕು. ವೀಸಾದ ಅವಧಿಯನ್ನು ಇಲ್ಲಿಯೇ ವಿಸ್ತರಿಸಿಕೊಳ್ಳಬಹುದಾದರೂ ಒಟ್ಟು ಐದು ವರ್ಷಗಳನ್ನು ಮೀರುವಂತಿಲ್ಲ. ಪತ್ನಿ ಅಥವಾ ಪತಿ ಮತ್ತು ಮಕ್ಕಳಿಗೆ ದೊರೆಯುವುದು ಪ್ರವೇಶ ವೀಸಾ. ಅದರ ಅವಧಿ ಉದ್ಯೋಗಿಯ ವೀಸಾದೊಡನೆಯೇ ಮುಗಿಯುತ್ತದೆ. ಅದರ ಮೇಲೆ ಸಂಬಳದ ಕೆಲಸ ಮಾಡುವುದು ನಿಷಿದ್ಧ. ತಮ್ಮ ದೇಶದಲ್ಲಿ ಅಧ್ಯಾಪಕಿ, ದಾದಿ ಅಥವಾ ಲೆಕ್ಕಪರಿಶೋಧಕಿಯಾಗಿದ್ದ ಮಹಿಳೆ ಇಲ್ಲಿ ವರ್ಷಗಟ್ಟಲೆ ಉದ್ಯೋಗವಿಲ್ಲದೆ ಕಳೆಯಬೇಕಾಗುತ್ತದೆ. ಕರಾರಿಗೆ ಸಹಿ ಹಾಕುವಾಗ ಕುಟುಂಬಗಳು ಇದನ್ನು ಹೆಚ್ಚಾಗಿ ಯೋಚಿಸಿರುವುದಿಲ್ಲ. ಇಲ್ಲಿ ಹುಟ್ಟಿದ ಮಗುವಿನ ವಿಷಯದಲ್ಲೂ ತಪ್ಪು ತಿಳಿವಳಿಕೆಯುಂಟು. 2004ರ ಡಿಸೆಂಬರ್ 3ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ತಂದೆತಾಯಿಗಳಿಬ್ಬರೂ ವಿದೇಶೀಯರಾಗಿದ್ದಲ್ಲಿ ಚಾಕಣದ ಆಸ್ಪತ್ರೆಯಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಭಾರತದ ಪೌರನಾಗುವುದಿಲ್ಲ. ಅದಕ್ಕೆ ತನ್ನ ದೇಶದ ಪಾಸ್‌ಪೋರ್ಟ್ ಮಾಡಿಸಿ, ಇಲ್ಲಿಯ ವೀಸಾವನ್ನೂ ಪಡೆಯಬೇಕು.

180 ದಿನಗಳಿಗಿಂತ ಹೆಚ್ಚು ಅವಧಿಯ ಉದ್ಯೋಗ ವೀಸಾದ ಮೇಲೆ ಬಂದವನು ಬಂದ 14 ದಿನಗಳೊಳಗೆ ವಿದೇಶೀಯರ ನೋಂದಣಿ ಅಧಿಕಾರಿಯಲ್ಲಿ ಹೆಸರು ನೋಂದಾಯಿಸಬೇಕು. ಹಿಂದೆ ಇದಕ್ಕಾಗಿ ಪೊಲೀಸ್ ಆಯುಕ್ತರ ಕಚೇರಿಗೆ ಕಾಗದಪತ್ರಗಳ ಕಟ್ಟಿನೊಡನೆ ಹಲವು ಬಾರಿ ಅಲೆಯಬೇಕಾಗಿತ್ತು. 2018ರಲ್ಲಿ ಆರಂಭವಾದ ಇ-ಎಫ್‌ಆರ್‌ಆರ್‌ಓ ವ್ಯವಸ್ಥೆಯಿಂದ ಅರ್ಜಿ ಸಲ್ಲಿಕೆ, ಶುಲ್ಕ ಪಾವತಿ, ಪ್ರಮಾಣಪತ್ರ ಪಡೆಯುವಿಕೆ ಎಲ್ಲವೂ ಗಣಕಯಂತ್ರದ ಮೂಲಕವೇ ನಡೆಯುತ್ತವೆ. ವಿಶೇಷ ಕಾರಣವಿಲ್ಲದೆ ಖುದ್ದಾಗಿ ಹಾಜರಾಗಬೇಕಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಪಿಂಪ್ರಿ-ಚಿಂಚವಡ ಪ್ರತ್ಯೇಕ ಪೊಲೀಸ್ ಆಯುಕ್ತಾಲಯವಾಗಿ, ಚಾಕಣ ಠಾಣೆ ಅದರ ವ್ಯಾಪ್ತಿಗೆ ಸೇರಿತು. ಮನೆ ಬದಲಾಯಿಸಿದಾಗ, ವೀಸಾ ವಿಸ್ತರಣೆ ಬೇಕಾದಾಗ, ಪಾಸ್‌ಪೋರ್ಟ್ ಕಳೆದುಹೋದಾಗಲೂ ಮಾಹಿತಿ ನೀಡುವುದು ಕಡ್ಡಾಯ. ವೀಸಾದ ಅವಧಿ ಮುಗಿದ ಮೇಲೂ ಉಳಿದುಕೊಂಡರೆ 2025ರ ಕಾಯಿದೆಯಂತೆ ಮೂರು ವರ್ಷಗಳವರೆಗೆ ಸೆರೆವಾಸ, ಮೂರು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಮನೆಯ ಯಜಮಾನನ ಹೊಣೆಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕಾಗಿದೆ. ವಿದೇಶೀಯನೊಬ್ಬನಿಗೆ ವಸತಿ ಒದಗಿಸುವ ಯಾರೇ ಆಗಲಿ, ಅದು ಹೋಟೆಲಾಗಲಿ, ಅತಿಥಿಗೃಹವಾಗಲಿ, ಖಾಸಗಿ ಮನೆಯಾಗಲಿ, ಆತ ಬಂದ 24 ಗಂಟೆಗಳೊಳಗೆ ನಿಗದಿತ ನಮೂನೆಯಲ್ಲಿ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಬಹುಕಾಲ ‘ಸಿ ನಮೂನೆ’ ಎಂದು ಪರಿಚಿತವಾಗಿದ್ದುದು ಇದೇ. ಬಾಡಿಗೆಯವರ ಬಗ್ಗೆ ಪೊಲೀಸ್ ಠಾಣೆಗೆ ಕೊಡುವ ಸಾಮಾನ್ಯ ಮಾಹಿತಿ ಇದಕ್ಕೆ ಬದಲಿಯಾಗುವುದಿಲ್ಲ. ಅದು ಬೇರೆ, ಇದು ಬೇರೆ. ನಿವೃತ್ತರಾದ ಮೇಲೆ ಇದ್ದೊಂದು ಮನೆಯನ್ನು ಬಾಡಿಗೆಗೆ ಕೊಟ್ಟು ಊರಿಗೆ ಮರಳಿದ ಹಿರಿಯರು ದಲ್ಲಾಳಿಯ ಮೇಲೆ ಭಾರ ಹಾಕಿ ಸುಮ್ಮನಿರುವುದುಂಟು. ದಲ್ಲಾಳಿ ಮರೆತರೆ ಕಾನೂನು ಕೇಳುವುದು ಯಜಮಾನನನ್ನೇ. ವಿದ್ಯಾಸಂಸ್ಥೆಗಳೂ ಆಸ್ಪತ್ರೆಗಳೂ ತಮ್ಮಲ್ಲಿರುವ ವಿದೇಶೀಯರ ಬಗ್ಗೆ ಹೀಗೆಯೇ ಮಾಹಿತಿ ಕೊಡಬೇಕೆಂದು ಹೊಸ ಕಾಯಿದೆ ವಿಧಿಸುತ್ತದೆ.

ನೇಪಾಳ ಮತ್ತು ಭೂತಾನದ ಪ್ರಜೆಗಳ ಸ್ಥಿತಿ ಬೇರೆ. ನೆರೆಯ ಗಡಿಯಿಂದ ನೇರವಾಗಿ ಬರುವ ಅವರಿಗೆ ವೀಸಾ ಬೇಕಿಲ್ಲ. 1950ರ ಭಾರತ–ನೇಪಾಳ ಒಪ್ಪಂದದಂತೆ ನೇಪಾಳಿಗಳು ಇಲ್ಲಿ ವಾಸಿಸಬಹುದು, ಉದ್ಯೋಗ ಮಾಡಬಹುದು. ಓಸಿಐ ಕಾರ್ಡ್ ಹೊಂದಿದ ಭಾರತೀಯ ಮೂಲದವರಿಗೂ ಜೀವನಪರ್ಯಂತದ ವೀಸಾ ದೊರೆಯುತ್ತದೆ. ಎಷ್ಟೇ ಕಾಲ ಉಳಿದರೂ ನೋಂದಣಿಯ ಅಗತ್ಯ ಅವರಿಗಿಲ್ಲ.

ತೆರಿಗೆ: ದಿನಗಳ ಎಣಿಕೆ

ತೆರಿಗೆಯ ವಿಷಯಕ್ಕೆ ಬಂದಾಗ ವೀಸಾದ ವರ್ಗವಾಗಲಿ ಪಾಸ್‌ಪೋರ್ಟಿನ ಬಣ್ಣವಾಗಲಿ ಮುಖ್ಯವಾಗುವುದಿಲ್ಲ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವರ್ಷದಲ್ಲಿ ವ್ಯಕ್ತಿ ಭಾರತದಲ್ಲಿ ಎಷ್ಟು ದಿನ ಇದ್ದನೆಂಬುದೇ ನಿರ್ಣಾಯಕ. 182 ದಿನ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಆತ ‘ನಿವಾಸಿ’. ಆ ವರ್ಷ 60 ದಿನ ಮತ್ತು ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದರೂ ನಿವಾಸಿಯೇ. ಉಳಿದವರು ‘ಅನಿವಾಸಿ’ಗಳು. 1961ರ ಆದಾಯ ತೆರಿಗೆ ಕಾಯಿದೆಯಲ್ಲಿದ್ದ ಈ ಅಳತೆಯನ್ನು, 2026ರ ಏಪ್ರಿಲ್ 1ರಿಂದ ಅದರ ಸ್ಥಾನಕ್ಕೆ ಬರುವಂತೆ ರಚಿಸಲಾದ 2025ರ ಆದಾಯ ತೆರಿಗೆ ಕಾಯಿದೆಯೂ ಉಳಿಸಿಕೊಂಡಿದೆ.

ಎಣಿಕೆ ಎಷ್ಟು ಸೂಕ್ಷ್ಮವೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಅಕ್ಟೋಬರ್ 1ರಂದು ಮೊದಲ ಬಾರಿಗೆ ಭಾರತಕ್ಕೆ ಬಂದಿಳಿದು ಮಾರ್ಚ್ 31ರವರೆಗೆ ಇಲ್ಲಿಯೇ ಇದ್ದವನಿಗೆ, ಬಂದ ದಿನವನ್ನೂ ಸೇರಿಸಿದರೆ, ಸಾಧಾರಣ ವರ್ಷದಲ್ಲಿ ಸರಿಯಾಗಿ 182 ದಿನಗಳಾಗುತ್ತವೆ. ಆತ ನಿವಾಸಿ. ಮರುದಿನ ಬಂದವನಿಗೆ 181 ದಿನ, ಆತ ಅನಿವಾಸಿ. ಮಧ್ಯೆ ಕ್ರಿಸ್‌ಮಸ್‌ಗೆ ಊರಿಗೆ ಹೋಗಿ ಬಂದರೆ ಆ ದಿನಗಳು ಕಳೆಯುತ್ತವೆ. ಆದ್ದರಿಂದ ಪಾಸ್‌ಪೋರ್ಟಿನ ಮೇಲಿನ ಆಗಮನ, ನಿರ್ಗಮನ ಮುದ್ರೆಗಳ ಪ್ರತಿಯನ್ನು ಜೋಪಾನವಾಗಿಡುವುದು ಒಳ್ಳೆಯದು.

ಆದರೆ ಅನಿವಾಸಿಯಾದ ಮಾತ್ರಕ್ಕೆ ಸಂಬಳದ ಮೇಲೆ ತೆರಿಗೆ ತಪ್ಪುವುದಿಲ್ಲ. ಭಾರತದಲ್ಲಿ ಮಾಡಿದ ಕೆಲಸಕ್ಕೆ ಬಂದ ಸಂಬಳ, ಅದು ಪುಣೆಯ ಬ್ಯಾಂಕಿಗೆ ಜಮೆಯಾಗಲಿ ಜರ್ಮನಿಯ ಬ್ಯಾಂಕಿಗೆ ಜಮೆಯಾಗಲಿ, ಭಾರತದಲ್ಲಿ ಹುಟ್ಟಿದ ಆದಾಯವೇ. ಹೀಗೆ ಹೊರದೇಶದಲ್ಲಿ ಪಾವತಿಯಾಗುವ ಭಾಗದ ಮೇಲೂ ಇಲ್ಲಿಯ ಸಂಸ್ಥೆ ಮೂಲದಲ್ಲೇ ತೆರಿಗೆ ಮುರಿದುಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಎಲಿ ಲಿಲ್ಲಿ ಪ್ರಕರಣದಲ್ಲಿ ತೀರ್ಪಿತ್ತಿತು. ಅಲ್ಪಾವಧಿಗೆ ಬಂದು ಹೋಗುವವರಿಗೆ ಮಾತ್ರ ರಕ್ಷಣೆಯಿದೆ. ಉದಾಹರಣೆಗೆ, ಜರ್ಮನಿಯೊಡನೆ 1995ರಲ್ಲಿ ಆದ ದ್ವಿತೆರಿಗೆ ನಿವಾರಣಾ ಒಪ್ಪಂದದಂತೆ, ವಾಸ 183 ದಿನಗಳನ್ನು ಮೀರದಿದ್ದು, ಸಂಬಳ ಕೊಡುವವನು ಭಾರತದವನಲ್ಲದೆ, ಆ ವೆಚ್ಚವನ್ನು ಭಾರತದಲ್ಲಿರುವ ಶಾಖೆಯ ಲೆಕ್ಕಕ್ಕೆ ಹಾಕದಿದ್ದರೆ ಆ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಮೂರು ಷರತ್ತುಗಳಲ್ಲಿ ಒಂದು ತಪ್ಪಿದರೂ ವಿನಾಯಿತಿ ಹೋಗುತ್ತದೆ. ಚಾಕಣದ ಕಾರ್ಖಾನೆಯೇ ಸಂಬಳ ಕೊಡುವಲ್ಲಿ ಮೊದಲ ದಿನದಿಂದಲೇ ತೆರಿಗೆ.

ಹಾಗಾದರೆ ನಿವಾಸಿ, ಅನಿವಾಸಿ ಎಂಬ ಭೇದದ ಪರಿಣಾಮ ಎಲ್ಲಿ ಕಾಣುತ್ತದೆ? ಹೊರದೇಶದ ಆದಾಯದಲ್ಲಿ. ಸ್ವದೇಶದಲ್ಲಿ ಬಿಟ್ಟುಬಂದ ಮನೆಯ ಬಾಡಿಗೆ, ಅಲ್ಲಿಯ ಠೇವಣಿಯ ಬಡ್ಡಿ, ಷೇರುಗಳ ಲಾಭ ಇವುಗಳಲ್ಲಿ. ಪೂರ್ಣ ನಿವಾಸಿಯಾದವನಿಗೆ ಪ್ರಪಂಚದ ಎಲ್ಲ ಭಾಗಗಳ ಆದಾಯವೂ ಇಲ್ಲಿ ತೆರಿಗೆಗೆ ಒಳಪಡುತ್ತದೆ. ಬಂದ ಹೊಸತರಲ್ಲೇ ಈ ಭಾರ ಬೀಳದಂತೆ ಕಾಯಿದೆ ಒಂದು ನಡುವಣ ಹಂತವನ್ನು ಕಲ್ಪಿಸಿದೆ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವನು ಅಥವಾ ಹಿಂದಿನ ಏಳು ವರ್ಷಗಳಲ್ಲಿ 729 ದಿನಗಳನ್ನು ಮೀರದಂತೆ ಭಾರತದಲ್ಲಿದ್ದವನು ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಎನಿಸುತ್ತಾನೆ. ಪದಪುಂಜ ತೊಡಕಿನದು, ಅರ್ಥ ಸರಳ. ಹೊರದೇಶದಲ್ಲಿ ಹುಟ್ಟಿ ಅಲ್ಲಿಯೇ ಕೈಸೇರಿದ ಅವನ ಆದಾಯಕ್ಕೆ, ಭಾರತದಿಂದ ನಡೆಸುವ ವ್ಯಾಪಾರದ್ದಲ್ಲವಾದರೆ, ಇಲ್ಲಿ ತೆರಿಗೆಯಿಲ್ಲ.

ತಂತ್ರಜ್ಞನೊಬ್ಬ 2023ರ ಜೂನ್ 10ರಂದು ಮೊದಲ ಬಾರಿಗೆ ಭಾರತಕ್ಕೆ ಬಂದು ಚಾಕಣದಲ್ಲಿ ಕೆಲಸಕ್ಕೆ ಸೇರಿ, ಅಂದಿನಿಂದ ಇಲ್ಲಿಯೇ ಇದ್ದಾನೆಂದು ಭಾವಿಸೋಣ. 2023-24ರಲ್ಲಿ ಅವನ ವಾಸ 296 ದಿನ. ಆ ವರ್ಷ ಮತ್ತು ಮುಂದಿನ ವರ್ಷ ಒಂಬತ್ತು ವರ್ಷಗಳ ನಿಯಮ ಅವನನ್ನು ಕಾಯುತ್ತದೆ. 2025-26ರಲ್ಲಿ ಆ ನಿಯಮ ಕೈಬಿಡುತ್ತದೆ. ಆದರೆ ಹಿಂದಿನ ದಿನಗಳ ಮೊತ್ತ 296 ಮತ್ತು 365 ಸೇರಿ 661 ಆಗಿ 729ರ ಒಳಗಿರುವುದರಿಂದ ಇನ್ನೊಂದು ವರ್ಷ ರಕ್ಷಣೆ ದೊರೆಯುತ್ತದೆ. 2026-27ರಲ್ಲಿ ಮೊತ್ತ 1,026ಕ್ಕೆ ಏರಿ ಆತ ಪೂರ್ಣ ನಿವಾಸಿಯಾಗುತ್ತಾನೆ. ಅಂದಿನಿಂದ ತನ್ನ ದೇಶದಲ್ಲಿರುವ ಬ್ಯಾಂಕ್ ಖಾತೆ, ಮನೆ, ವಿಮೆಗಳ ವಿವರವನ್ನೂ ಇಲ್ಲಿಯ ತೆರಿಗೆ ವಿವರಣ ಪತ್ರದಲ್ಲಿ ತೋರಿಸಬೇಕು. ತೋರಿಸದಿದ್ದಲ್ಲಿ 2015ರ ಕಪ್ಪುಹಣ ಕಾಯಿದೆಯಂತೆ ಹತ್ತು ಲಕ್ಷ ರೂಪಾಯಿಗಳ ದಂಡ ಬೀಳಬಹುದು. ತಂದೆಯಿಂದ ಬಂದ ಹಳ್ಳಿಮನೆಯೊಂದನ್ನು ಬಚ್ಚಿಡುವ ಉದ್ದೇಶ ಯಾರಿಗೂ ಇರುವುದಿಲ್ಲ. ಮೂರು ವರ್ಷ ಕೇಳದಿದ್ದುದನ್ನು ನಾಲ್ಕನೆಯ ವರ್ಷ ಕೇಳುತ್ತಾರೆಂಬುದು ಅವರಿಗೆ ಹೊಳೆದಿರುವುದಿಲ್ಲ, ಅಷ್ಟೆ.

ತೆರಿಗೆಯ ದರದಲ್ಲಿ ವಿದೇಶೀಯನಿಗೂ ಭಾರತೀಯನಿಗೂ ಭೇದವಿಲ್ಲ. ಕನಿಷ್ಠ ಮಿತಿಯಾದ ರೂ. 16.25 ಲಕ್ಷ ಸಂಬಳ ಪಡೆಯುವವನನ್ನೇ ತೆಗೆದುಕೊಂಡರೆ, 2025-26ನೆಯ ಸಾಲಿನ ಹೊಸ ಪದ್ಧತಿಯಲ್ಲಿ ರೂ. 75,000 ಪ್ರಮಾಣಿತ ಕಡಿತ ಕಳೆದು ಉಳಿಯುವ ರೂ. 15.50 ಲಕ್ಷಕ್ಕೆ ಮೇಲುಸುಂಕವೂ ಸೇರಿ ರೂ. 1,17,000 ತೆರಿಗೆಯಾಗುತ್ತದೆ. ಪಕ್ಕದ ಮೇಜಿನ ಕನ್ನಡಿಗನಿಗೂ ಅಷ್ಟೇ. ಹನ್ನೆರಡು ಲಕ್ಷದವರೆಗಿನ ಆದಾಯಕ್ಕೆ ದೊರೆಯುವ ರಿಯಾಯಿತಿ ಮಾತ್ರ ನಿವಾಸಿಗಳಿಗೆ ಮೀಸಲು. ಅನಿವಾಸಿಗೆ ಅದು ಸಲ್ಲುವುದಿಲ್ಲ.

ಭವಿಷ್ಯ ನಿಧಿಯ ಪ್ರಶ್ನೆ

ತೆರಿಗೆಯಲ್ಲದಿದ್ದರೂ ಸಂಬಳದಿಂದ ಕಡಿತವಾಗುವ ಇನ್ನೊಂದು ದೊಡ್ಡ ಬಾಬು ಭವಿಷ್ಯ ನಿಧಿ. 2008ರ ಅಕ್ಟೋಬರ್ 1ರಿಂದ ವಿದೇಶೀಯ ನೌಕರರನ್ನು ‘ಅಂತಾರಾಷ್ಟ್ರೀಯ ಕಾರ್ಮಿಕ’ರೆಂದು ಗುರುತಿಸಿ ಈ ಯೋಜನೆಗೆ ಸೇರಿಸಲಾಯಿತು. ಭಾರತೀಯ ನೌಕರನಿಗೆ ವೇತನದ ಒಂದು ಮಿತಿಯವರೆಗೆ ಮಾತ್ರ ವಂತಿಗೆ ಕಡ್ಡಾಯ. 2014ರಲ್ಲಿ ಈ ಮಿತಿಯನ್ನು ರೂ. 15,000ಕ್ಕೆ ಏರಿಸಲಾಯಿತು. ವಿದೇಶೀಯನಿಗೆ ಅಂತಹ ಮಿತಿಯಿಲ್ಲದೆ ಪೂರ್ಣ ವೇತನದ ಮೇಲೆ ಶೇಕಡಾ 12ರಷ್ಟು ಕಡಿತವಾಗುತ್ತದೆ. ಉದ್ಯೋಗದಾತನೂ ಅಷ್ಟನ್ನೇ ಸೇರಿಸಬೇಕು. ಕೆಲಸ ಬಿಟ್ಟು ತನ್ನ ದೇಶಕ್ಕೆ ಮರಳಿದರೂ ಸಾಮಾನ್ಯವಾಗಿ 58 ವರ್ಷ ತುಂಬುವವರೆಗೆ ಹಣ ಕೈಗೆ ಬರುವುದಿಲ್ಲ. ಮೂವತ್ತನೆಯ ವಯಸ್ಸಿನಲ್ಲಿ ಎರಡು ವರ್ಷ ಚಾಕಣದಲ್ಲಿ ದುಡಿದು ಹೋದವನು ಮುಂದಿನ ಇಪ್ಪತ್ತಾರು ವರ್ಷ ಕಾಯಬೇಕೆಂದರೆ ಅದು ಸಣ್ಣ ಮಾತಲ್ಲ.

ಸಾಮಾಜಿಕ ಭದ್ರತಾ ಒಪ್ಪಂದವಿರುವ ದೇಶಗಳವರಿಗೆ ಈ ತೊಡಕು ಕಡಿಮೆ. ಕೊರಿಯಾದೊಡನೆ ಆದ ಒಪ್ಪಂದ 2011ರಲ್ಲಿ, ಜಪಾನಿನದು 2016ರಲ್ಲಿ, ಜರ್ಮನಿಯೊಡನೆ ಆದ ಸಮಗ್ರ ಒಪ್ಪಂದ 2017ರಲ್ಲಿ ಜಾರಿಗೆ ಬಂದವು. ಸ್ವದೇಶದ ನಿಧಿಗೆ ವಂತಿಗೆ ಕಟ್ಟುತ್ತಿರುವುದಾಗಿ ಅಲ್ಲಿಯ ಸಂಸ್ಥೆಯಿಂದ ಪ್ರಮಾಣಪತ್ರ ತಂದವರಿಗೆ ನಿಗದಿತ ಅವಧಿಯವರೆಗೆ ಇಲ್ಲಿಯ ವಂತಿಗೆಯಿಂದ ವಿನಾಯಿತಿ ದೊರೆಯುತ್ತದೆ. ಈ ಪ್ರಮಾಣಪತ್ರವನ್ನು ಹೊರಡುವ ಮೊದಲೇ ಪಡೆಯುವುದು ಜಾಣತನ. ಒಪ್ಪಂದದ ಲಾಭ ಎರಡೂ ಕಡೆಗೆ ಹರಿಯುತ್ತದೆ: ಪುಣೆಯಿಂದಾಗಲಿ ಬೆಂಗಳೂರಿನಿಂದಾಗಲಿ ಜರ್ಮನಿಗೆ ನಿಯೋಜಿತರಾಗಿ ಹೋಗುವ ಭಾರತೀಯರೂ ಅಲ್ಲಿ ಇದೇ ರೀತಿಯ ವಿನಾಯಿತಿ ಪಡೆಯುತ್ತಾರೆ.

ವಿದೇಶೀಯರಿಗೊಂದು, ಭಾರತೀಯರಿಗೊಂದು ಅಳತೆಯಿರುವುದು ಸಂವಿಧಾನದ ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ತೀರ್ಪಿತ್ತು ಈ ವಿಶೇಷ ವಿಧಿಗಳನ್ನು ರದ್ದುಪಡಿಸಿತು. ದೆಹಲಿ ಉಚ್ಚ ನ್ಯಾಯಾಲಯವಾದರೋ 2025ರ ನವೆಂಬರ್‌ನಲ್ಲಿ ಅವುಗಳನ್ನು ಎತ್ತಿಹಿಡಿಯಿತು. ಸಮಾನತೆಯ ರಕ್ಷಣೆಯನ್ನು ನೀಡುವ ಸಂವಿಧಾನದ 14ನೆಯ ಅನುಚ್ಛೇದ ‘ಪೌರ’ ಎನ್ನದೆ ‘ವ್ಯಕ್ತಿ’ ಎಂದೇ ಹೇಳುವುದರಿಂದ ವಿದೇಶೀಯನೂ ಅದರ ಆಶ್ರಯವನ್ನು ಬೇಡಬಲ್ಲ ಎಂಬುದು ಇಲ್ಲಿ ಗಮನಾರ್ಹ.

ಸ್ಮಾರಕಗಳ ಪ್ರವೇಶ ಶುಲ್ಕ

ಇನ್ನು ಪ್ರವೇಶ ಶುಲ್ಕ. ಮೊತ್ತ ಚಿಕ್ಕದಾದರೂ ಅಸಮಾಧಾನಕ್ಕೆ ಹೆಚ್ಚು ಕಾರಣವಾಗುವುದು ಇದೇ. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಸ್ಮಾರಕಗಳಲ್ಲಿ 2018ರಲ್ಲಿ ಪರಿಷ್ಕೃತವಾದ ದರಗಳಂತೆ, ವಿಶ್ವ ಪರಂಪರೆಯ ತಾಣಗಳನ್ನೊಳಗೊಂಡ ಮೊದಲ ವರ್ಗದಲ್ಲಿ ಭಾರತೀಯರಿಗೆ ರೂ. 40, ವಿದೇಶೀಯರಿಗೆ ರೂ. 600, ಎರಡನೆಯ ವರ್ಗದಲ್ಲಿ ಕ್ರಮವಾಗಿ ರೂ. 25 ಮತ್ತು ರೂ. 300 ಎಂದು ನಿಗದಿಯಾಯಿತು. 2016ರ ದರಗಳು ಮೊದಲ ವರ್ಗಕ್ಕೆ ರೂ. 30 ಮತ್ತು 500, ಎರಡನೆಯದಕ್ಕೆ ರೂ. 15 ಮತ್ತು 200 ಆಗಿದ್ದವು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಹಂಪಿ, ಪಟ್ಟದಕಲ್ಲುಗಳು ಮೊದಲ ವರ್ಗಕ್ಕೆ ಸೇರಿದರೆ, ಪುಣೆಯ ಶನಿವಾರವಾಡಾ, ಕಾರ್ಲಾ ಗುಹೆಗಳು, ವಿಜಯಪುರದ ಗೋಲಗುಮ್ಮಟ ಎರಡನೆಯ ವರ್ಗದವು.

ಈ ದರಪಟ್ಟಿ ಕೇಳುವುದು ಪೌರತ್ವವನ್ನು. ತೆರಿಗೆಯನ್ನಲ್ಲ, ವಾಸದ ಅವಧಿಯನ್ನೂ ಅಲ್ಲ. ಸಾರ್ಕ್ ಮತ್ತು ಬಿಮ್‌ಸ್ಟೆಕ್ ಕೂಟಗಳ ದೇಶಗಳವರಿಗೆ ಭಾರತೀಯರ ದರವೇ ಅನ್ವಯಿಸುತ್ತದೆ. ಓಸಿಐ ಕಾರ್ಡುಳ್ಳವರಿಗೂ 2021ರ ಮಾರ್ಚ್‌ನ ಅಧಿಸೂಚನೆಯಂತೆ ಸ್ಮಾರಕ, ವಸ್ತುಸಂಗ್ರಹಾಲಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಭಾರತೀಯರೊಡನೆ ಸಮಾನತೆಯಿದೆ. ಚಾಕಣದ ಕಾರ್ಖಾನೆಯ ಕನ್ನಡಿಗ ನೌಕರನೊಬ್ಬ ತನ್ನ ಜರ್ಮನ್ ಸಹೋದ್ಯೋಗಿಯನ್ನೂ, ರಜೆಗೆ ಅಮೆರಿಕದಿಂದ ಬಂದ ಓಸಿಐ ಕಾರ್ಡಿನ ಚಿಕ್ಕಪ್ಪನನ್ನೂ ಗೋಲಗುಮ್ಮಟ ತೋರಿಸಲು ಕರೆದೊಯ್ದರೆ, ಮೂರು ವರ್ಷಗಳಿಂದ ಇಲ್ಲಿ ತೆರಿಗೆ ಕಟ್ಟುತ್ತಿರುವ ಜರ್ಮನನಿಗೆ ರೂ. 300, ಇಲ್ಲಿ ಏನನ್ನೂ ಕಟ್ಟದ ಚಿಕ್ಕಪ್ಪನಿಗೆ ರೂ. 25. ಸರತಿಯಲ್ಲಿ ಹಿಂದೆ ನಿಂತ ಶ್ರೀಲಂಕೆಯ ಪ್ರವಾಸಿಗೂ ರೂ. 25. ಸ್ಮಾರಕಗಳ ರಕ್ಷಣೆಯ ವೆಚ್ಚವನ್ನು ದೇಶದ ಜನ ತೆರಿಗೆಯ ಮೂಲಕ ಭರಿಸುತ್ತಾರೆ, ಆದ್ದರಿಂದ ಅವರಿಗೆ ಕಡಿಮೆ ದರ ಎಂಬ ಸಾಮಾನ್ಯ ಸಮರ್ಥನೆ ಈ ಜರ್ಮನನ ವಿಷಯದಲ್ಲಿ ನಿಲ್ಲುವುದು ಕಷ್ಟ. ಚೀಟಿ ಕೊಡುವ ಗುಮಾಸ್ತ ಅಲ್ಲಿಯೇ ಕುಳಿತು ತೆರಿಗೆಯ ದಾಖಲೆ ಪರಿಶೀಲಿಸಲಾರ ಎಂಬುದೂ ಅಷ್ಟೇ ನಿಜ.

ವೀಸಾ ಶುಲ್ಕದಲ್ಲಿ ಅನ್ವಯಿಸುವ ತತ್ತ್ವ ಪರಸ್ಪರತೆ. ಭಾರತೀಯರಿಂದ ಹೆಚ್ಚು ವಸೂಲು ಮಾಡುವ ದೇಶದವರಿಗೆ ಇಲ್ಲಿಯೂ ಹೆಚ್ಚು, ಕಡಿಮೆ ವಸೂಲು ಮಾಡುವವರಿಗೆ ಕಡಿಮೆ. ಹೊರಗೆ ದುಡಿಯುವ ಕನ್ನಡಿಗರು ತೆರುವ ಶುಲ್ಕಗಳನ್ನು ನೋಡಿದರೆ ಇದರ ಹಿನ್ನೆಲೆ ತಿಳಿಯುತ್ತದೆ. ಬ್ರಿಟನ್ನಿಗೆ ಕೆಲಸಕ್ಕೆ ಹೋಗುವವರು ವೀಸಾ ಶುಲ್ಕವಲ್ಲದೆ ಆರೋಗ್ಯ ಸೇವೆಗಾಗಿ 2024ರ ಫೆಬ್ರವರಿಯಿಂದ ಪ್ರತಿ ವಯಸ್ಕನಿಗೆ ವರ್ಷಕ್ಕೆ 1,035 ಪೌಂಡ್‌ಗಳಂತೆ ಮುಂಗಡ ಕಟ್ಟಬೇಕಾಯಿತು. ಸೌದಿ ಅರೇಬಿಯದಲ್ಲಿ ಸಂಬಳಕ್ಕೆ ಆದಾಯ ತೆರಿಗೆಯಿಲ್ಲ. ಆದರೆ 2017ರ ಜುಲೈಯಿಂದ ಜೊತೆಗಿರುವ ಪ್ರತಿ ಕುಟುಂಬಸದಸ್ಯನಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿ, ವರ್ಷಕ್ಕೆ ನೂರರಂತೆ ಏರಿಸಿ 2020ರಲ್ಲಿ 400ಕ್ಕೆ ತರಲಾಯಿತು. ಹಲವು ಕುಟುಂಬಗಳು ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಬೇಕಾದುದು ಈ ಕಾರಣದಿಂದಲೇ. ಅಮೆರಿಕದಲ್ಲಿ 2025ರ ಸೆಪ್ಟೆಂಬರ್‌ನ ಘೋಷಣೆ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಹೊರೆಯನ್ನು ಹೊರಿಸಿತು.

ನಿರ್ಗಮನ

ಚಾಕಣದಲ್ಲಿ ಅವಧಿ ಮುಗಿಸಿ ಹೊರಡುವ ವಿದೇಶೀಯ ಕೆಲವು ಕೆಲಸಗಳನ್ನು ಕೊನೆಯ ವಾರಕ್ಕೆ ಬಿಡಬಾರದು. ಉದ್ಯೋಗಕ್ಕಾಗಿ ಬಂದು ಆದಾಯ ಗಳಿಸಿದವನು ದೇಶ ಬಿಡುವ ಮುನ್ನ ತೆರಿಗೆ ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕೆಂಬ ವಿಧಿಯಿದೆ. ಬಾಕಿ ತೆರಿಗೆಯನ್ನು ತಾನು ತುಂಬಿಕೊಡುವುದಾಗಿ ಉದ್ಯೋಗದಾತ ಮುಚ್ಚಳಿಕೆ ಬರೆದುಕೊಟ್ಟ ಮೇಲೆ ಆ ಪತ್ರ ದೊರೆಯುತ್ತದೆ. ಸಂಬಳದ ಪಟ್ಟಿ ನೋಡಿಕೊಳ್ಳುವವರು ಇದನ್ನು ಮರೆಯುವಂತಿಲ್ಲ. ಬ್ಯಾಂಕ್ ಖಾತೆಯನ್ನು ಮುಚ್ಚುವ ಮೊದಲು ತೆರಿಗೆಯ ಮರುಪಾವತಿ ಬರುವುದಿದೆಯೇ, ಒಪ್ಪಂದದ ದೇಶದವನಾಗಿದ್ದಲ್ಲಿ ಭವಿಷ್ಯ ನಿಧಿಯ ಹಣ ಯಾವ ಖಾತೆಗೆ ಬರಬೇಕು ಎಂಬುದನ್ನು ನೋಡಿಕೊಳ್ಳಬೇಕು. ಖಾತೆ ಮುಚ್ಚಿದ ಮೇಲೆ ಸಾವಿರಾರು ಮೈಲಿ ದೂರದಿಂದ ಅದನ್ನು ಸರಿಪಡಿಸಲು ತಿಂಗಳುಗಳು ಹಿಡಿಯುತ್ತವೆ. ವೀಸಾದ ಕೊನೆಯ ದಿನ ಮೀರಿದ್ದಲ್ಲಿ ನೋಂದಣಿ ಅಧಿಕಾರಿಯಿಂದ ನಿರ್ಗಮನ ಪರವಾನಗಿ ಪಡೆಯದೆ ವಿಮಾನ ನಿಲ್ದಾಣಕ್ಕೆ ಹೋಗಿ ಪ್ರಯೋಜನವಿಲ್ಲ. ಮನೆಯ ಯಜಮಾನ ತಾನು ಸಲ್ಲಿಸಿದ ಮಾಹಿತಿಯ ಪ್ರತಿಯನ್ನೂ, ಬಾಡಿಗೆದಾರ ಮನೆ ತೆರವು ಮಾಡಿದ ದಿನಾಂಕದ ದಾಖಲೆಯನ್ನೂ ತನ್ನ ಬಳಿ ಇಟ್ಟುಕೊಳ್ಳತಕ್ಕದ್ದು.